ಮಾವ ಒಪ್ಪಬೇಕಾದ ಗಾಡಿ

ನನ್ನ ಮಾವನಿಗೆ ಬೈಕಿನ ಬಗ್ಗೆ ಗೊತ್ತಿರುವುದು ಎರಡೇ ಸಂಗತಿ: ಪೆಟ್ರೋಲ್ ಎಲ್ಲಿ ಹಾಕಬೇಕು, ಹಾರ್ನ್ ಎಲ್ಲಿ ಒತ್ತಬೇಕು. ಅಂಥ ಮನುಷ್ಯ ಒಪ್ಪಿದರೆ ಮಾತ್ರ ಗಾಡಿ ಮನೆಗೆ ಬರಬೇಕು ಎಂದು ಅಮ್ಮ ಹಟ ಹಿಡಿದು ಕೂತಳು. ದುಡಿದವನು ನಾನು. ಅಲ್ಯೂಮಿನಿಯಂ ಕಿಟಕಿ ಕೊಯ್ದು ಕೊಯ್ದು ಅಂಗೈಯೆಲ್ಲ ಗೀರಾಗಿರುವುದು ನನ್ನದು. ಓಡಿಸುವವನೂ ನಾನೇ. ಒಪ್ಪುವವನು ಮಾತ್ರ ಮಾವ!

"ಅವನು ಲೋಕ ಕಂಡವನು," ಎಂದಳು ಅಮ್ಮ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ಯಾವ ಲೋಕ? ಮಂಚ, ಬೀರು ತುಂಬಿದ ವ್ಯಾನು ಓಡಿಸಿಕೊಂಡು ಈ ಬೀದಿಯಿಂದ ಆ ಬೀದಿಗೆ ಹೋಗುವ ಲೋಕ. ಅಮ್ಮನ ತಮ್ಮ ಎನ್ನುವುದೊಂದೇ ಅವನ ದೊಡ್ಡ ಅರ್ಹತೆ.

ಊರಾಚೆ ಒಂದು ರೇಸ್ ಟ್ರ್ಯಾಕ್ ಇದೆ. ಅಲ್ಲಿ ಕಲಿಸುವ ಕೋಚ್ ಒಮ್ಮೆ ನನ್ನನ್ನು ಬಾಡಿಗೆ ಬೈಕಿನ ಮೇಲೆ ಕೂರಿಸಿದ್ದ. ದೊಡ್ಡ ತಿರುವಿನಲ್ಲಿ ಬೈಕು ಮಲಗಿ ಮೊಣಕಾಲು ನೆಲದ ಹತ್ತಿರ ಹೋದಾಗ, ತಲೆಯೊಳಗಿನ ಗಲಾಟೆಯೆಲ್ಲ ಗಪ್ಪನೆ ನಿಂತಿತು. ಮೇಷ್ಟ್ರು ಬೆತ್ತದಿಂದ, ಅಂಗಡಿ ಯಜಮಾನ ಬೈಗುಳದಿಂದ, ಅಮ್ಮ ಅಳುವಿನಿಂದ ನಿಲ್ಲಿಸಲಾಗದೆ ಹೋದ ಗಲಾಟೆ ಅದು. ಆಮೇಲೆ ಬಿಡುವಾದಾಗೆಲ್ಲ ಹೋದೆ. ಈಗ ಟ್ರ್ಯಾಕಿನವರು ಬಾಡಿಗೆ ಬೈಕು ಕೊಡುವುದನ್ನೇ ನಿಲ್ಲಿಸಿಬಿಟ್ಟಿದ್ದರು. "ಸ್ವಂತ ಸ್ಪೋರ್ಟ್ಸ್ ಬೈಕ್ ಇದ್ರೆ ಬಾ, ಇಲ್ದಿದ್ರೆ ಬೇಲಿ ಆಚೆ ನಿಂತು ನೋಡು," ಎಂದ ಕೋಚ್. ನಾನು ಕೆಲಸಕ್ಕೆ ಓಡಿಸುವ ಹಳೆಯ ಗಾಡಿ ಅಲ್ಲಿಗೆ ಸಾಲದು. ಬೇಲಿಯಾಚೆ ನಿಂತು ನೋಡುವುದಕ್ಕೆ ನಾನೇನು ದನ ಕಾಯುವವನೆ?

ಹಾಗಾಗಿ ಭಾನುವಾರ ಬಂತೆಂದರೆ ಮಾವನ ವ್ಯಾನು ಹತ್ತಿ ಹಳೆಯ ಸ್ಪೋರ್ಟ್ಸ್ ಬೈಕು ನೋಡುವ ಶಿಕ್ಷೆ. ಮೊದಲು ನೋಡಿದ್ದು ಕೆಂಪು ಗಾಡಿ. ಚೈನು ಸರಿಯಿತ್ತು, ಬ್ರೇಕು ಹಿಡಿದರೆ ಹಿಡಿದಲ್ಲೇ ನಿಲ್ಲುತ್ತಿತ್ತು. ಮಾವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬಣ್ಣ ಕಣ್ಣಿಗೆ ಹೊಡೆಯುತ್ತೆ, ಬೇಡ," ಎಂದ. ಎರಡನೆಯದು ಕಪ್ಪು. ಅದರ ಹಿಂದಿನ ಸೀಟು ಅಂಗೈಯಗಲ.

"ನಿಮ್ಮಮ್ಮ ಎಲ್ಲಿ ಕೂರೋದು?"

"ಅಮ್ಮ ಯಾಕೆ ಮಾವ ರೇಸ್ ಟ್ರ್ಯಾಕಿಗೆ ಬರ್ತಾಳೆ?"

"ಆಸೆ ಆದ್ರೆ?"

ಇನ್ನೊಂದನ್ನು ನಾನೇ ಬೇಡ ಎಂದೆ. ಹೊಳೆಹೊಳೆಯುತ್ತಿತ್ತು, ಆದರೆ ಮುಂದಿನ ಫೋರ್ಕಿನಿಂದ ಎಣ್ಣೆ ಜಿನುಗುತ್ತಿತ್ತು, ಹ್ಯಾಂಡಲ್ಲಿನ ಬುಡದಲ್ಲಿ ಬಣ್ಣದ ಕೆಳಗೆ ವೆಲ್ಡಿಂಗಿನ ಗಂಟು ಬೆರಳಿಗೆ ಸಿಗುತ್ತಿತ್ತು. ಎಲ್ಲೋ ಜೋರಾಗಿ ಗುದ್ದಿಕೊಂಡು ಬಂದ ಗಾಡಿ. ನಾನು ಬೇಡ ಅಂದ ಮೇಲೆ, ಅದಕ್ಕೆ ಮಾತ್ರ ಮಾವ, "ಇದು ಪರವಾಗಿಲ್ವಲ್ಲೋ," ಎಂದು ಸೀಟು ಸವರಿದ್ದ. ನನ್ನ ಹೊಟ್ಟೆ ಉರಿಯಿತೋ ಇಲ್ಲವೋ?

ಅದರ ಮುಂದಿನ ಭಾನುವಾರ ಹೋದದ್ದು ಒಂದು ಔಷಧಿ ಅಂಗಡಿಯ ಹಿತ್ತಲಿಗೆ. ಖಾಲಿ ರಟ್ಟಿನ ಡಬ್ಬಗಳ ಪಕ್ಕದಲ್ಲಿ ಬೈಕು ನಿಂತಿತ್ತು. ಮಾರುವವಳು ಅಂಗಡಿಯಾಕೆಯೇ. ಬಿಳಿ ಕೋಟು ಹಾಕಿದ್ದಳು. ತಾನು ಇನ್ನೂ ದೊಡ್ಡ ಗಾಡಿ ತಗೊಂಡಿದ್ದರಿಂದ ಇದನ್ನು ಕೊಡುತ್ತಿದ್ದೇನೆ ಎಂದಳು.

"ನಿಮ್ಮ ಯಜಮಾನರು ಓಡಿಸ್ತಿದ್ರಾ ಅಮ್ಮಾ?" ಎಂದ ಮಾವ.

"ಅವರಿಗೆ ಸೈಕಲ್ಲೂ ಬರಲ್ಲ. ನಾನೇ ಓಡಿಸ್ತಿದ್ದೆ. ಬಿದ್ದಿದ್ದೂ ನಾನೇ. ಇಲ್ಲಿ ನೋಡಿ, ಇಲ್ಲಿ ನೋಡಿ," ಎಂದು ಬಲಬದಿಯ ಗೀರುಗಳನ್ನು ತೋರಿಸಿದಳು. "ಜಾರಿ ಬಿದ್ದಿದ್ದು. ಯಾವುದಕ್ಕೂ ಗುದ್ದಿಲ್ಲ."

ನಾನು ಮಂಡಿಯೂರಿ ಕೂತು ನೋಡಿದೆ. ಫೋರ್ಕು ಒಣಗಿತ್ತು. ಹ್ಯಾಂಡಲ್ಲಿನ ಬುಡದಲ್ಲಿ ಬಣ್ಣ ಕಂಪನಿಯದೇ. ಚೈನಿನ ಹಲ್ಲುಚಕ್ರ ಸವೆದಿರಲಿಲ್ಲ. ಎಂಜಿನ್ ಆಯಿಲ್ ಇಳಿಸುವ ಬೋಲ್ಟಿಗೆ ಸಣ್ಣ ತಂತಿ ಬಿಗಿದಿತ್ತು, ಟ್ರ್ಯಾಕಿನಲ್ಲಿ ಕಳಚದಿರಲಿ ಎಂದು. ಹೊರಗೆ ನೋಡಿದರೆ ಬೀದಿ ಬೆಕ್ಕಿನ ಹಾಗೆ ಪರಚಿಸಿಕೊಂಡ ಮೈ, ಒಳಗೆಲ್ಲ ಗಟ್ಟಿ. ನನಗೆ ಇದೇ ಬೇಕಿತ್ತು.

ಮಾವನಿಗೆ ಮಾತ್ರ ಹಬ್ಬವೋ ಹಬ್ಬ. ಅಷ್ಟು ಕೊರತೆ ಒಂದೇ ಗಾಡಿಯಲ್ಲಿ ಅವನಿಗೆ ಯಾವತ್ತೂ ಸಿಕ್ಕಿರಲಿಲ್ಲ.

"ಹೆಡ್‌ಲೈಟ್ ಎಲ್ಲಮ್ಮಾ?"

"ತೆಗೆದಿದೀನಿ. ಬಿದ್ದಾಗ ಗಾಜು ಚೆಲ್ಲುತ್ತೆ ಅಂತ ಟ್ರ್ಯಾಕಲ್ಲಿ ಬಿಡಲ್ಲ."

"ಕನ್ನಡಿ?"

"ಅದೂ ಅಷ್ಟೇ."

"ಹಾರ್ನೂ ಇಲ್ವಾ?" ಮಾವನ ದನಿಯಲ್ಲಿ ನಿಜವಾದ ನೋವಿತ್ತು. "ಅಡ್ಡ ಯಾರಾದ್ರೂ ಬಂದ್ರೆ?"

"ಅಲ್ಲಿ ಯಾರೂ ಅಡ್ಡ ಬರಲ್ಲ ಸ್ವಾಮಿ. ಅದಕ್ಕೇ ಅಲ್ಲಿಗೆ ಹೋಗೋದು."

ಬೈಕಿಗೆ ಸೈಡ್ ಸ್ಟ್ಯಾಂಡೂ ಇರಲಿಲ್ಲ. ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಬೇರೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅದು ನಿಂತಿತ್ತು. ಕೂತು ನೋಡಿ ಎಂದು ಆಕೆ ಅದನ್ನು ಸರಿಸಿದಳು. ನಾನು ಕೂರುವ ಮೊದಲೇ ಮಾವ ಕಾಲು ಎತ್ತಿ ಹತ್ತಿ ಕೂತಾಗಿತ್ತು. ಅಷ್ಟರಲ್ಲಿ ಅಂಗಡಿಯಲ್ಲಿ ಯಾರೋ ಕೂಗಿದರು. "ಹಿಡ್ಕೊಂಡಿರಿ, ಬಂದೆ," ಎಂದು ಆಕೆ ಒಳಗೆ ಹೋದಳು.

"ಸೊಂಟ ಹೋಯ್ತು. ಬಗ್ಗಿ ಕೂರಬೇಕಲ್ಲೋ ಇದರಲ್ಲಿ," ಎನ್ನುತ್ತಾ ಮಾವ ಎಡಕ್ಕೆ ಇಳಿದ. ಇಳಿದು, ಜೀವಮಾನದ ಅಭ್ಯಾಸದಂತೆ, ಎಡಗಾಲಿನಿಂದ ಸ್ಟ್ಯಾಂಡ್ ಒದ್ದ. ಇಲ್ಲದ ಸ್ಟ್ಯಾಂಡನ್ನು ಒದ್ದು, ಸಲೀಸಾಗಿ ಕೈ ಬಿಟ್ಟ. ಬೈಕು ಅವನ ಕಡೆಗೇ ವಾಲಿತು.

ನಾನು ಬಲಗಡೆ ಇದ್ದೆ. ಹಾರಿ ಸೀಟಿನ ಬಾಲ ಒಂದು ಕೈಯಲ್ಲಿ, ಹ್ಯಾಂಡಲ್ ಇನ್ನೊಂದು ಕೈಯಲ್ಲಿ ಹಿಡಿದು ಜಗ್ಗಿದೆ. ಮಾವ ಆ ಕಡೆಯಿಂದ ಟ್ಯಾಂಕಿಗೆ ಎದೆ ಕೊಟ್ಟ. ಬೈಕು ಅರ್ಧ ಬಿದ್ದು ಅರ್ಧದಲ್ಲಿ ನಿಂತಿತು. ಎತ್ತುವುದಕ್ಕೆ ಇಬ್ಬರಿಗೂ ಕಾಲೂರಲು ಆಗುತ್ತಿಲ್ಲ, ಬಿಡುವ ಹಾಗೂ ಇಲ್ಲ.

"ಲೋ ಕುಕ್ಕರ್, ಎಳೆಯೋ!" ಮನೆಯಲ್ಲಿ ನನಗಿರುವ ಹೆಸರು ಅದು. ಯಾವಾಗ ನೋಡಿದರೂ ಸಿಳ್ಳೆ ಹೊಡೆಯುತ್ತೇನಂತೆ.

"ಎಳೀತಿದೀನಿ! ನೀನು ತಳ್ಳು!"

"ತಳ್ಳೋಕೆ ಕಾಲು ಇದರಡಿ ಇದೆ ಕಣೋ! ಅಯ್ಯೋ, ಬೇಡ ಅನ್ನೋಕೆ ಬಂದು ಇದರ ಕೆಳಗೇ ಸಾಯ್ತೀನಲ್ಲಪ್ಪಾ!"

"ಏನಂದೆ?"

"ಏನಿಲ್ಲ. ಎಳಿ."

"ಬೇಡ ಅನ್ನೋಕೆ ಬಂದು ಅಂದ್ಯಲ್ಲ, ಏನದು? ಹೇಳ್ತೀಯೋ, ಬಿಡ್ಲೋ?"

ಒಂದು ಬೆರಳು ಸಡಿಲಿಸಿದೆ. ಮಾವನ ಕಣ್ಣುಗುಡ್ಡೆ ಹೊರಗೆ ಬಂತು.

"ಬಿಡಬೇಡ್ವೋ! ಅಕ್ಕ ಹೇಳಿದ್ಲು. ಯಾವ ಗಾಡಿ ತೋರಿಸಿದ್ರೂ ಏನಾದ್ರೂ ಒಂದು ಕೊಂಕು ತೆಗಿ, ಅಲೆದು ಅಲೆದು ಬೇಜಾರಾಗಿ ಅವನೇ ಬಿಡ್ತಾನೆ ಅಂದ್ಲು. ನಾನೇನು ಮಾಡ್ಲಿ? ಅವಳ ಮಾತು ಮೀರಿ ಯಾವತ್ತಾದ್ರೂ ಬದುಕಿದೀನಾ ನಾನು?"

ಅಷ್ಟೂ ಭಾನುವಾರಗಳು ಕಣ್ಣ ಮುಂದೆ ಬಂದವು. ಕಣ್ಣಿಗೆ ಹೊಡೆಯುವ ಬಣ್ಣ, ಅಮ್ಮ ಕೂರುವ ಸೀಟು. ನಾನು ಒಬ್ಬೊಬ್ಬ ಮಾಲೀಕನ ಮುಂದೆಯೂ ತಲೆ ತಗ್ಗಿಸಿ, "ನಮ್ಮ ಮಾವನಿಗೆ ಹಿಡಿಸಲಿಲ್ಲ," ಎಂದು ಬಂದಿದ್ದೆ. ಕೈ ಬಿಟ್ಟುಬಿಡಬೇಕು ಅನ್ನಿಸಿತು, ದೇವರಾಣೆಗೂ ಅನ್ನಿಸಿತು. ಆದರೆ ಬಿಟ್ಟರೆ ಕ್ಲಚ್ ಲಿವರ್ ಮುರಿಯುತ್ತದೆ. ಮಾವನ ಕಾಲು ಆಮೇಲೆ ನೆನಪಾಯಿತು.

ಅಂಗಡಿಯಾಕೆ ಬಂದು ನಮ್ಮಿಬ್ಬರನ್ನು ಒಮ್ಮೆ ನೋಡಿದಳು. "ಮಾವ, ಅಳಿಯ ಇಬ್ರೂ ಅಪ್ಪಿಕೊಂಡಿದೀರ. ಇಷ್ಟ ಆಯ್ತು ಅನ್ನಿ," ಎಂದು ಹ್ಯಾಂಡಲ್ಲಿಗೆ ಕೈ ಕೊಟ್ಟಳು. ಮೂವರೂ ಸೇರಿ ಎತ್ತಿ, ಹಿಂದೆ ಸ್ಟ್ಯಾಂಡ್ ಸೇರಿಸಿದೆವು.

ನಾನು ಮೊಬೈಲ್ ತೆಗೆದು ಅಮ್ಮನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಹೊಲಿಗೆ ಯಂತ್ರದ ಕಟಕಟ ಕೇಳಿಸಿತು.

"ನಿನ್ನ ತಮ್ಮ ಎಲ್ಲ ಬಾಯಿ ಬಿಟ್ಟಿದಾನೆ," ಎಂದೆ. "ಇನ್ನು ನಾಟಕ ಸಾಕು. ಈ ಗಾಡಿ ಸರಿ ಇದೆ. ನಾನು ತಗೋತೀನಿ."

ಅಮ್ಮನಿಗೆ ನಾಚಿಕೆಯೂ ಆಗಲಿಲ್ಲ. "ಅವನ ಕೈಗೆ ಕೊಡು," ಎಂದಳು. "ಲೋ, ಏನೇನು ಕೊರತೆ ಇದೆ ಹೇಳೋ ಅವನಿಗೆ."

ಮಾವ ನನ್ನ ಮುಖ ನೋಡಿದ, ಫೋನು ನೋಡಿದ. ಅಕ್ಕನೇ ಗೆದ್ದಳು. ಗಂಟಲು ಸರಿಮಾಡಿಕೊಂಡು ಶುರು ಮಾಡಿದ. "ಹೆಡ್‌ಲೈಟ್ ಇಲ್ಲ ಅಕ್ಕಾ. ಕನ್ನಡಿ ಇಲ್ಲ, ಇಂಡಿಕೇಟರ್ ಇಲ್ಲ. ಹಾರ್ನು ಮೊದಲೇ ಇಲ್ಲ. ಟೈರೂ ಬೇರೆ ಥರದ್ದು, ಮಳೆ ಹನಿ ಬಿದ್ರೆ ಜಾರುತ್ತೆ. ನಿಲ್ಸೋಕೆ ಸ್ಟ್ಯಾಂಡೂ ಇಲ್ಲ. ಇದನ್ನ ತಗೊಂಡು ತರಕಾರಿ ತರೋಕೂ ಹೋಗೋಕಾಗಲ್ಲ."

ಯಂತ್ರದ ಸದ್ದು ನಿಂತಿತು.

"ಅಂದ್ರೆ ರಸ್ತೇಲಿ ಓಡ್ಸೋಕೇ ಆಗಲ್ವಾ?"

"ಗೇಟು ದಾಟಿದ್ರೆ ಪೊಲೀಸರು ಹಿಡ್ಕೋತಾರೆ."

"ಅವನಿಗೆ ಬೇಕು ಅಂದ್ರೂ ಆಗಲ್ಲ?"

"ಅವರಪ್ಪನಿಗೂ ಆಗಲ್ಲ ಅಕ್ಕಾ. ವ್ಯಾನಲ್ಲಿ ಹಾಕ್ಕೊಂಡೇ ಹೋಗಬೇಕು."

ಆಮೇಲೆ ಅಮ್ಮ, "ಹಾಗಾದ್ರೆ ಇದನ್ನೇ ತಗೊಳ್ಲಿ," ಎಂದಳು. ನಾನು ಬಾಯಿ ತೆರೆಯುವ ಮೊದಲೇ ಸೇರಿಸಿದಳು: "ಈಗಿರೋ ಗಾಡಿ ಮಾರ್ಲಿ. ಕೆಲಸಕ್ಕೆ ಬಸ್ಸಲ್ಲಿ ಹೋಗ್ಲಿ. ರಸ್ತೆಗೂ ಒಂದು, ಅದಕ್ಕೂ ಒಂದು ಅಂದ್ರೆ ನಾನು ಕೇಳಲ್ಲ. ರಾತ್ರಿ ಅವನು ಬರೋವರೆಗೂ ಗೇಟಿನ ಸದ್ದಿಗೆ ಕಿವಿ ಕೊಟ್ಟು ಕೂರೋದು ನಾನು."

"ಬಸ್ಸಲ್ಲಾ? ಬಾಗಿಲಿಗೆ ಜೋತು ಬಿದ್ಕೊಂಡು ಹೋಗಬೇಕಮ್ಮಾ!"

"ಜೋತು ಬೀಳು. ಕೈ ಗಟ್ಟಿ ಇದೆಯಲ್ಲ."

ಬೈಯಬೇಕೆಂದು ಉಸಿರು ಎಳೆದುಕೊಂಡೆ. ಎದುರಿಗೆ ಆ ಪರಚಿದ ಗಾಡಿ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಎಳೆದುಕೊಂಡ ಉಸಿರನ್ನು ಹಾಗೇ ಬಿಟ್ಟೆ. "ಆಯ್ತು," ಎಂದೆ. ಅಷ್ಟು ಚಿಕ್ಕ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಮಾವ ಹಣೆ ಮುಟ್ಟಿ ನೋಡಲು ಬಂದ.

ದುಡ್ಡು ಎಣಿಸಿ ಕೊಟ್ಟು, ಹಲಗೆ ಇಟ್ಟು ಬೈಕನ್ನು ವ್ಯಾನಿನೊಳಗೆ ಏರಿಸಿದೆವು. "ಹಗ್ಗ ಕೊಡು ಮಾವ," ಎಂದೆ.

ಮಾವ ಕೆಳಗೆ ನಿಂತು ತಲೆ ಕೆರೆದುಕೊಂಡ.

"ತಂದಿಲ್ಲ ಕಣೋ."

"ಬೀರು ಸಾಗಿಸೋ ವ್ಯಾನಲ್ಲಿ ಹಗ್ಗ ಇಲ್ವಾ?"

"ತೊಳೆದು ಒಣಹಾಕಿದೀನಿ. ಇವತ್ತು ಬೇಕಾಗಲ್ಲ ಅಂತ ಗೊತ್ತಿತ್ತಲ್ಲ."

ಬಾಯಿಗೆ ಬಂದ ಪದಗಳನ್ನು ಅಂಗಡಿಯಾಕೆಯ ಮುಂದೆ ಆಡುವ ಹಾಗಿರಲಿಲ್ಲ. ಒಳಗೆ ಹತ್ತಿ ಬೈಕಿನ ಮೇಲೆ ಕೂತು, ಎರಡೂ ಕಾಲು ಅಗಲಿಸಿ ಊರಿ, ಮುಂದಿನ ಬ್ರೇಕು ಬಿಗಿಯಾಗಿ ಹಿಡಿದೆ. ವ್ಯಾನು ಹೊರಟಿತು. ಮಾವ ರಸ್ತೆಯ ಪ್ರತಿ ಉಬ್ಬಿಗೂ ಹಿಂದಿನ ಕಿಂಡಿಯಿಂದ ತಿರುಗಿ ನೋಡಿ, "ಬಿತ್ತಾ?" ಎಂದು ಕೇಳುತ್ತಿದ್ದ.

"ಮುಂದೆ ನೋಡಿ ಓಡಿಸು ಮಾವ! ನಿಧಾನ! ಇನ್ನೂ ನಿಧಾನ!" ಎಂದು ನಾನು ಮನೆಯವರೆಗೂ ಕಿರುಚಿದೆ. ಹಿಂದಿನಿಂದ ಒಂದು ಸೈಕಲ್ ನಮ್ಮನ್ನು ದಾಟಿಕೊಂಡು ಹೋಯಿತು.