ಹದಕ್ಕೆ ಒಂದು ಸಂಖ್ಯೆ

"'ಹದ' ಅಂದ್ರೆ ಎಷ್ಟು ಅಂತ ಹಾಕಲಿ ಸುವರ್ಣಾ ಅವ್ರೇ?" ವಿನಾಯಕ ಮೂರನೆಯ ಸಲ ಕೇಳಿದ.

ಹೀಥ್ರೂ ವಿಮಾನ ನಿಲ್ದಾಣದ ಹತ್ತಿರದ ಹೇಸ್‌ನಲ್ಲಿ, ಸುವರ್ಣಾಳ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಇಬ್ಬರೂ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಐದು ಗಂಟೆಗೆ ಗಡುವು. ಇಪ್ಪತ್ತು ನಿಮಿಷ ಉಳಿದಿತ್ತು. ಜಗತ್ತಿನ ಸಮಸ್ಯೆಗಳ ಬಗ್ಗೆ ಬೇರೆ ಬೇರೆ ವಿಭಾಗದವರು ಕೂಡಿ ಸಂಶೋಧನೆ ಮಾಡಲಿ ಎಂದು ವಿಶ್ವವಿದ್ಯಾಲಯ ಕೊಡುವ ಅನುದಾನದ ಅರ್ಜಿ ಅದು. ಮಣ್ಣಿನ ತೇವ ಅಳೆಯುವ ಯಂತ್ರ ವಿನಾಯಕನದು. ಮಳೆಗಾಲವೇ ಅದಲುಬದಲಾಗಿರುವಾಗ ವಿಜಯಪುರದ ಕಡೆಯ ರೈತರು ಬಿತ್ತಲು ತಕ್ಕಷ್ಟು ತೇವ ಮಣ್ಣಿನಲ್ಲಿರುವ 'ಹದ'ವನ್ನು ಯಾವ ಮಾತುಗಳಲ್ಲಿ ಗೊತ್ತುಮಾಡುತ್ತಾರೆ ಎಂಬುದು ಭಾಷಾ ವಿಭಾಗದ ಸುವರ್ಣಾಳ ಕೆಲಸ. ಅನುದಾನ ಬರದಿದ್ದರೆ ಜುಲೈಗೆ ಅವಳ ನೌಕರಿ ಮುಗಿಯುತ್ತಿತ್ತು.

"ಅದಕ್ಕೆ ನಂಬರ್ ಇಲ್ಲ ಅಂದೆನಲ್ಲ."

"ಈ ಬಾಕ್ಸ್ ಅಕ್ಷರ ತಗೊಳ್ಳಲ್ಲ, ದಿನನೋ ಪರ್ಸೆಂಟೋ ಒಂದು ನಂಬರ್ ಬೇಕು. ಖಾಲಿ ಬಿಟ್ರೆ ಕೆಂಪಾಗುತ್ತೆ. ಬೇಕಾದ್ರೆ ನೀವೇ ನೋಡಿ."

ಅವನು ಒಲೆಯ ಬಳಿ ನಿಂತಿದ್ದ ಅವಳ ಅತ್ತೆಯ ಕಡೆ ತಿರುಗಿದ. "ಅಮ್ಮಾ, ಮಳೆ ನಿಂತು ಎಷ್ಟು ದಿನಕ್ಕೆ ಹದ ಬರುತ್ತೆ?"

ಕಾಶವ್ವ ನಲವತ್ತು ವರ್ಷ ಎರೆಹೊಲ ಮಾಡಿದವಳು. "ಒಮ್ಮೆ ಎರಡ ದಿನಕ್ಕ ಬರತೈತಿ, ಒಮ್ಮೆ ಐದಕ್ಕ. ಮಣ್ಣ ಹಿಡದ ನೋಡಬೇಕಪಾ."

ವಿನಾಯಕ 3.5 ಎಂದು ಒತ್ತಿದ.

"ಏನ್ ಬರದ್ಯೋ ತಮ್ಮಾ?"

"ಮೂರೂವರೆ ದಿನ ಅಮ್ಮಾ. ಸರಾಸರಿ."

"ಮೂರೂವರಿ ದಿನಕ್ಕ ಹೋಗಿ ಏನ್ ಮಾಡ್ತಿ? ಅರ್ಧಾ ಬಿತ್ತಿ ಬರ್ತಿ?"

ಸುವರ್ಣಾಳಿಗೆ ನಗು ಬರಲಿಲ್ಲ. ಅವನ ಜೊತೆ ಇಷ್ಟು ಹೊತ್ತೂ ಬೆಂಗಳೂರಿನ ಮಾತಾಡಿದ್ದವಳಿಗೆ ಸಿಟ್ಟಿನಲ್ಲಿ ಊರ ಮಾತೇ ಬಂತು. "ಅಳಸ್ರಿ ಅದನ್ನ. ಇಡೀ ಅರ್ಜ್ಯಾಗ ನಾ ಹೇಳೂದು ಅದೊಂದ, ಹದಕ್ಕ ನಂಬರ್ ಇಲ್ಲಂತ. ನಂಬರ್ ಹಾಕೂದಾದ್ರ ನಾ ಯಾಕ ಬೇಕ್ರಿ ನಿಮಗ?"

"ನಿಮ್ಮ ಹೆಸರು ಬೇಕು." ಅಂದದ್ದು ತನ್ನ ಕಿವಿಗೇ ಬಿದ್ದ ಮೇಲೆ ವಿನಾಯಕ ತಲೆ ತಗ್ಗಿಸಿದ. "ಎರಡು ವಿಭಾಗ ಇಲ್ಲ ಅಂದ್ರೆ ಅವರು ತೆಗೆದೂ ನೋಡಲ್ಲ. ಹೋದ ವರ್ಷ ನಂದು ಹಾಗೇ ವಾಪಸ್ ಬಂತು. ಈ ಫಾರ್ಮ್ ನಾನು ಮಾಡಿದ್ದಲ್ಲ, ನನ್ನ ಬೈಬೇಡಿ."

ಹೀಥ್ರೂಗೆ ಇಳಿಯುವ ವಿಮಾನವೊಂದು ಮನೆಯ ಮೇಲೆ ಹಾದುಹೋಯಿತು. ಸುವರ್ಣಾ ತನ್ನ ಲ್ಯಾಪ್‌ಟಾಪಿನಲ್ಲಿ ಅರ್ಜಿಯ ತನ್ನ ಭಾಗವನ್ನು ಮತ್ತೆ ಓದಿದಳು.

ನಾಲ್ಕು ನಿಮಿಷ ಉಳಿದಾಗ ಅವಳು ವಿನಾಯಕನ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು 3.5 ಅಳಿಸಿದಳು.

"ಹದಕ್ಕೆ ನಿಮ್ಮ ಯಂತ್ರ ಎಷ್ಟು ಅನ್ನುತ್ತೆ?"

"ಇಪ್ಪತ್ತೆಂಟು ಪರ್ಸೆಂಟ್ ತೇವ. ಹೆಚ್ಚುಕಮ್ಮಿ."

"ಹೆಚ್ಚುಕಮ್ಮಿಗೆ ಇಲ್ಲಿ ಜಾಗ ಇಲ್ಲ."

28 ಎಂದು ಹಾಕಿ ಕಳಿಸಿದಳು. ಫಾರ್ಮ್ ತಕರಾರಿಲ್ಲದೆ ಒಪ್ಪಿಕೊಂಡಿತು. ವಿನಾಯಕ ಲ್ಯಾಪ್‌ಟಾಪ್ ಮುಚ್ಚಿ, ಥ್ಯಾಂಕ್ಸ್ ಎಂದಷ್ಟೇ ಹೇಳಿ ಹೊರಟುಹೋದ.

"ಕಡೀಕ ಏನ್ ಬರದಿ?" ಕಾಶವ್ವ ಕೇಳಿದಳು.

"ಇಪ್ಪತ್ತೆಂಟು, ಅತ್ತಿ."

"ಇಪ್ಪತ್ತೆಂಟು," ಕಾಶವ್ವ ತನ್ನಷ್ಟಕ್ಕೆ ಅಂದುಕೊಂಡಳು, ಗುರುತಿಲ್ಲದ ಯಾರದೋ ಹೆಸರು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ನೋಡುವವಳ ಹಾಗೆ.