ಸಾಲಿ ತಾರೀಖು

ಏಪ್ರಿಲ್ ಎರಡನೇ ಶನಿವಾರ. ಕ್ರೋಯ್ಡನ್ನಿನ ಆ ಫ್ಲ್ಯಾಟಿನಲ್ಲಿ ಮಧ್ಯಾಹ್ನ ಎರಡಾದರೂ ಯಾರೂ ಊಟಕ್ಕೆ ಕೂತಿರಲಿಲ್ಲ. ಶೋಭಾ ಒಲೆ ಆರಿಸಿ ಬಂದು ಸೋಫಾದ ತುದಿಯಲ್ಲಿ ಕುಳಿತಳು. ಪಕ್ಕದಲ್ಲಿ ಗಂಡ ವಾಸು. ಎದುರಿನ ಮೇಜಿನ ಮೇಲೆ ಮಗ ಅಭಿಜಿತ್‌ನ ಲ್ಯಾಪ್‌ಟಾಪ್, ಅದರ ಪರದೆಯಲ್ಲಿ ಅವನ ಏಜೆಂಟ್ ಹೆಲೆನ್ ಎಂಬ ಇಂಗ್ಲಿಷ್ ಹೆಂಗಸು. ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಶೋಭಾಳ ತಾಯಿ ನೀಲವ್ವ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಅವರು ಧಾರವಾಡದಿಂದ ಬಂದು ಮೂರು ವಾರವಾಗಿತ್ತಷ್ಟೆ.

ಅಭಿಜಿತ್ ಐಸ್ ಹಾಕಿ ಆಟಗಾರ. ಏಳು ವರ್ಷದವನಿದ್ದಾಗ ಅಪ್ಪ ಅಮ್ಮನ ಜೊತೆ ಲಂಡನ್ನಿಗೆ ಬಂದವನು, ಮರುವರ್ಷ ಸಹಪಾಠಿಯೊಬ್ಬನ ಹುಟ್ಟುಹಬ್ಬಕ್ಕೆಂದು ಸ್ಟ್ರೆಥಮ್ಮಿನ ಐಸ್ ರಿಂಕಿಗೆ, ಮಂಜುಗಡ್ಡೆಯ ಆಟದಂಗಳಕ್ಕೆ, ಹೋಗಿದ್ದ. ಅಲ್ಲಿಂದ ಹೊರಗೆ ಬರಲು ಒಪ್ಪದೆ ಅಳುತ್ತಿದ್ದವನನ್ನು ವಾಸು ಎತ್ತಿಕೊಂಡು ಬರಬೇಕಾಯಿತು. ಮಗ ಕ್ರಿಕೆಟ್ ಆಡಲಿ ಎಂದು ವಾಸು ಎರಡು ವರ್ಷ ಹೆಣಗಿ ಸೋತ. ಆಮೇಲೆ ನಸುಕಿನ ಐದಕ್ಕೆ ಎದ್ದು ಆ ದೊಡ್ಡ ಚೀಲವನ್ನು ಕಾರಿಗೆ ಹೇರುವುದೇ ಅವನ ವಾರಾಂತ್ಯವಾಯಿತು. ಕಳೆದ ಎರಡು ವರ್ಷಗಳಿಂದ ಅಭಿಜಿತ್ ಸ್ವೀಡನ್ನಿನ ಎರಡನೇ ದರ್ಜೆಯ ಲೀಗಿನಲ್ಲಿ ರಕ್ಷಣಾ ಆಟಗಾರನಾಗಿ ಆಡುತ್ತಿದ್ದ. ಸೀಸನ್ ಮುಗಿಸಿ ಮನೆಗೆ ಬಂದ ವಾರವೇ ಹೆಲೆನ್‌ಳ ಫೋನ್ ಬಂದಿತ್ತು. ಅಮೆರಿಕದ ದೊಡ್ಡ ಲೀಗಿನ ಒಂದು ಕ್ಲಬ್ ಅವನಿಗೆ ಮೂರು ವರ್ಷದ ಒಪ್ಪಂದ ಕೊಡಲು ಮುಂದೆ ಬಂದಿತ್ತು.

ವಾಸುವಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. "ಮೂರು ಸಲ ಡ್ರಾಫ್ಟಿನಲ್ಲಿ ಯಾರೂ ಇವನನ್ನು ಆರಿಸಲಿಲ್ಲ. ಈಗ ಹೇಗೆ ತೆಗೆದುಕೊಳ್ಳುತ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಹೆಲೆನ್ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಪ್ರತಿ ಜೂನ್‌ನಲ್ಲಿ ಕ್ಲಬ್‌ಗಳು ಸರದಿಯ ಮೇಲೆ ಹೊಸ ಹುಡುಗರ ಹೆಸರು ಕೂಗುತ್ತವೆ. ಯಾವ ಕ್ಲಬ್ ಹೆಸರು ಕೂಗಿತೋ ಆ ಹುಡುಗನ ಮೇಲೆ ಆ ಕ್ಲಬ್ಬಿಗೆ ಮಾತ್ರ ಹಕ್ಕು. ಯೂರೋಪಿನಲ್ಲಿ ಆಡುವವರಿಗೆ ಇಪ್ಪತ್ತೊಂದು ತುಂಬುವ ವರ್ಷದ ಡ್ರಾಫ್ಟೇ ಕೊನೆಯದು. ಅದರಲ್ಲೂ ಹೆಸರು ಬರದಿದ್ದರೆ ಅವನು ಸ್ವತಂತ್ರ. ಯಾವ ಕ್ಲಬ್ ಬೇಕಾದರೂ ನೇರವಾಗಿ ಸಹಿ ಮಾಡಿಸಿಕೊಳ್ಳಬಹುದು. "ಅಭಿಜಿತ್‌ಗೆ ಇಪ್ಪತ್ತೊಂದು ತುಂಬಿದ್ದು ಕಳೆದ ಡಿಸೆಂಬರ್‌ನಲ್ಲಿ. ಹಾಗಾಗಿ ಅವನಿಗೆ ಇನ್ನು ಡ್ರಾಫ್ಟ್ ಇಲ್ಲ. ಯಾರಿಗೂ ಬೇಡವಾಗಿದ್ದೇ ಈಗ ಅವನಿಗೆ ಒಳ್ಳೆಯದಾಯಿತು," ಎಂದು ನಕ್ಕಳು. ಸೋಮವಾರ ಸಹಿ ಎಂದು ನಿಗದಿಯಾಯಿತು.

ಕೊನೆಗೆ ಅವಳು ವಿವರಗಳನ್ನು ಓದಿ ಖಚಿತ ಮಾಡಿಕೊಂಡಳು. ಪೂರ್ತಿ ಹೆಸರು. ವಿಳಾಸ. ಹುಟ್ಟಿದ ದಿನ: ಹನ್ನೆರಡು ಡಿಸೆಂಬರ್, ಎರಡು ಸಾವಿರದ ನಾಲ್ಕು.

"ಯೆಸ್," ಎಂದ ಅಭಿಜಿತ್.

ನೀಲವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಡಿಸೆಂಬರ್ ಎಂಬ ಮಾತು ಮಾತ್ರ ಕಿವಿಗೆ ಬಿತ್ತು. ಸೊಪ್ಪಿನಿಂದ ತಲೆಯೆತ್ತದೆಯೇ ಅವರು ಹೇಳಿದರು:

"ಅದು ಸಾಲಿ ತಾರೀಖು ಅಲ್ಲೇನವಾ ಶೋಭಾ? ಇಷ್ಟ್ ದೊಡ್ಡ ಕಾಗದಕ್ಕ ಖರೇ ತಾರೀಖು ಕೊಡ್ರಿ. ಹುಡುಗಗ ಶುಭ ಆಗ್ಲಿ."

ಶೋಭಾ ಥಟ್ಟನೆ ತಾಯಿಯತ್ತ ತಿರುಗಿದಳು. ಪರದೆಯ ಮೇಲಿನ ಹೆಲೆನ್ ಅಜ್ಜಿಯತ್ತ ಕೈಬೀಸಿ, ಎಲ್ಲರಿಗೂ ಅಭಿನಂದನೆ ಹೇಳಿ ಮರೆಯಾದಳು. ಅಭಿಜಿತ್ ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಕನ್ನಡದಲ್ಲಿ ಮಾತಾಡಲು ತಡವರಿಸುತ್ತಿದ್ದವನಿಗೆ ಮನೆಯ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು.

"ಖರೇ ತಾರೀಖು ಅಂದರೆ?" ಎಂದು ಇಂಗ್ಲಿಷಿನಲ್ಲಿ ಅಮ್ಮನನ್ನು ಕೇಳಿದ.

ವಾಸುವೇ ಮುಂದಾದ. "ಏ, ಅದೇನ್ ದೊಡ್ಡ ಮಾತಲ್ಲೋ. ನಮ್ಮ ಕಡೆ ಎಲ್ಲಾರ್ದೂ ಹಂಗ. ನಂದು ಜೂನ್ ಒಂದು, ನಮ್ಮಣ್ಣಂದೂ ಜೂನ್ ಒಂದು. ನಮ್ಮ ಕ್ಲಾಸಿನ್ಯಾಗ ಅರ್ಧ ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ. ನಿನ್ನ ಸಾಲ್ಯಾಗ ಒಂದನೇತ್ತಕ್ಕ ಹಾಕಾಕ ಹೋದಾಗ ವಯಸ್ಸು ಎರಡು-ಮೂರು ತಿಂಗಳು ಕಡಿಮಿ ಬಿತ್ತು. ನರ್ಸಿಂಗ್ ಹೋಮಿನವ್ರು ನಿನ್ನ ಹೆಸರು ನೋಂದಣಿನೂ ಮಾಡ್ಸಿರಲಿಲ್ಲ. ಹೆಂಗೂ ಹೊಸದಾಗಿ ಮಾಡ್ಸಬೇಕಿತ್ತು, ಸ್ವಲ್ಪ ಹಿಂದ ಬರಸಿದ್ವಿ. ಅಷ್ಟ."

"ನಾನು ಹುಟ್ಟಿದ್ದು ಯಾವಾಗ?"

ಈ ಪ್ರಶ್ನೆಯನ್ನು ಅವನು ಕನ್ನಡದಲ್ಲೇ ಕೇಳಿದ್ದ. ಏನೋ ತಪ್ಪಾಗಿದೆಯೆಂದು ಗೊತ್ತಾಗದ ನೀಲವ್ವನೇ ಖುಷಿಯಿಂದ ಹೇಳಿದರು. "ಮಾರ್ಚ್ ನಾಕು, ಶುಕ್ರವಾರ. ಶಿವರಾತ್ರಿಗೆ ಇನ್ನ ನಾಕ ದಿನ ಇತ್ತು."

"ಎರಡು ಸಾವಿರದ ಐದು?"

"ಹೂಂ," ಎಂದಳು ಶೋಭಾ.

ಅಭಿಜಿತ್ ಎದ್ದು ನಿಂತ. ಮತ್ತೆ ಕುಳಿತ. ರಿಂಕಿನಲ್ಲಿ ಯಾರೋ ಗುದ್ದಿ ಬಿದ್ದಾಗ ಏನಾಯಿತೆಂದು ತಿಳಿಯದೆ ಒಂದು ಕ್ಷಣ ಮೇಲೆ ನೋಡುತ್ತ ಮಲಗಿರುತ್ತಿದ್ದನಲ್ಲ, ಅದೇ ನೋಟ. "ಪ್ರತಿ ವರ್ಷ ಮಾರ್ಚ್‌ನಲ್ಲಿ ಶ್ಯಾವಿಗೆ ಪಾಯಸ ಮಾಡ್ತೀಯಲ್ಲ. ಅದು ಹಬ್ಬ ಅಂದಿದ್ದೆ ನೀನು."

ಶೋಭಾ ತಲೆ ತಗ್ಗಿಸಿದಳು.

"ನಿಮಗೆ ಅರ್ಥ ಆಗ್ತಿಲ್ಲ," ಎಂದ ಅವನು. ಅವನ ದನಿ ಏರಲಿಲ್ಲ, ಅದರಿಂದಲೇ ಅವಳಿಗೆ ಹೆದರಿಕೆಯಾಯಿತು. "ಹಾಕಿಯಲ್ಲಿ ತಿಂಗಳು ನೋಡೋದಿಲ್ಲ. ಹುಟ್ಟಿದ ವರ್ಷ ನೋಡ್ತಾರೆ. ಎರಡು ಸಾವಿರದ ನಾಲ್ಕರವರೆಲ್ಲ ಒಂದು ಗುಂಪು, ಐದರವರೆಲ್ಲ ಇನ್ನೊಂದು. ನಾನು ಡಿಸೆಂಬರ್‌ನವನು ಅಂತ ನಾಲ್ಕರ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನಾಗಿದ್ದೆ. ಜನವರಿಯಲ್ಲಿ ಹುಟ್ಟಿದವರು ನನಗಿಂತ ಒಂದು ವರ್ಷ ದೊಡ್ಡವರು ಅಂದುಕೊಂಡಿದ್ದೆ. ಅವರು ಅದಕ್ಕಿಂತ ದೊಡ್ಡವರಾಗಿದ್ದರು. ನಾನು ಆಡಬೇಕಾಗಿದ್ದು ಐದರವರ ಜೊತೆ. ಅಲ್ಲಿ ನಾನೇ ದೊಡ್ಡವರಲ್ಲೊಬ್ಬನಾಗಿರ್ತಿದ್ದೆ."

ಶೋಭಾಳ ಕಣ್ಣ ಮುಂದೆ ಹದಿಮೂರರ ಅಭಿಜಿತ್ ಬಂದು ನಿಂತ. ಭುಜದ ಪ್ಯಾಡಿನೊಳಗೆ ಕಳೆದುಹೋದಂತಿದ್ದ ಹುಡುಗ. ಆಟ ಚೆನ್ನಾಗಿದೆ, ವಯಸ್ಸಿಗೆ ತಕ್ಕ ಮೈಯಿಲ್ಲ ಎಂದು ಕೋಚ್ ಪ್ರತಿ ವರ್ಷವೂ ಹೇಳುತ್ತಿದ್ದ. ಹದಿನೆಂಟರೊಳಗಿನವರ ರಾಷ್ಟ್ರೀಯ ತಂಡದಿಂದ ಕೈಬಿಟ್ಟಾಗಲೂ ಅದೇ ಮಾತು. ಮೈ ಬೆಳೆಯುತ್ತಿಲ್ಲವೆಂದು ಅವಳು ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಹುಟ್ಟಿದ ದಿನ ಕೇಳಿದಾಗ ಡಿಸೆಂಬರ್ ಹನ್ನೆರಡು ಎಂದು ನಾಲಿಗೆ ತೊಡರದೆ ಹೇಳಿದ್ದಳು. ದಿನವೂ ಆಸ್ಪತ್ರೆಯಲ್ಲಿ ರೋಗಿಗಳ ಎಲುಬು ಕೀಲುಗಳನ್ನು ನೋಡುವ ಫಿಸಿಯೋಥೆರಪಿಸ್ಟ್ ಅವಳು. ಒಂದು ದಿನವೂ ಇದು ಹೊಳೆದಿರಲಿಲ್ಲ. ಆ ತಾರೀಖು ಅವಳಿಗೂ ಅಷ್ಟು ನಿಜವಾಗಿಹೋಗಿತ್ತು.

"ಇನ್ನೊಂದು," ಎಂದ ಅಭಿಜಿತ್. "ನಾನು ಐದರಲ್ಲಿ ಹುಟ್ಟಿದ್ದರೆ ನನಗೆ ಇಪ್ಪತ್ತೊಂದು ತುಂಬಿದ್ದು ಈ ವರ್ಷ, ಹೋದ ತಿಂಗಳು. ಅಂದರೆ ಈ ಜೂನ್‌ನ ಡ್ರಾಫ್ಟಿನಲ್ಲಿ ನಾನಿದ್ದೇನೆ. ಅಲ್ಲಿಯವರೆಗೆ ಯಾವ ಕ್ಲಬ್ಬೂ ನನ್ನಿಂದ ಸಹಿ ಮಾಡಿಸಿಕೊಳ್ಳೋ ಹಾಗಿಲ್ಲ."

ಅವನು ಜಾಕೆಟ್ ಎತ್ತಿಕೊಂಡು ಹೊರಗೆ ಹೋದ. ಶೋಭಾ ಕಿಟಕಿಯಿಂದ ನೋಡಿದಳು. ಟ್ರ್ಯಾಮ್ ಬಂತು, ಅವನು ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ಕೊನೆಗೆ ನಡೆದೇ ಹೋದ.

"ನಾ ಏನ್ ತಪ್ಪ್ ಮಾತಾಡಿದ್ನವಾ?" ಎಂದು ನೀಲವ್ವ ಕೇಳಿದರು. ಅವರ ಕೈಯಲ್ಲಿ ಮೆಂತ್ಯದ ದಂಟು ಹಾಗೇ ಇತ್ತು.

"ಇಲ್ಲ ಬಿಡವ್ವ," ಎಂದಳು ಶೋಭಾ.

ಸಂಜೆ ಆರಕ್ಕೆ ಅವನು ವಾಪಸು ಬಂದ. ನೇರ ಅಜ್ಜಿಯ ಹತ್ತಿರ ಹೋಗಿ ನೆಲದ ಮೇಲೆ ಕುಳಿತ. ಒಂದೊಂದೇ ಶಬ್ದ ಹುಡುಕಿ ಕನ್ನಡದಲ್ಲಿ ಕೇಳಿದ. "ಅಜ್ಜಿ, ನಾ ಹುಟ್ಟಿದಾಗ... ಏನಾತು?"

ನೀಲವ್ವ ಹೇಳಿದರು. ಮುಂಜಾನೆ ಒಂಬತ್ತೂವರೆ, ಕರೆಂಟ್ ಹೋಗಿತ್ತು. ನರ್ಸ್ ಕಿಟಕಿ ತೆರೆದಿಟ್ಟಿದ್ದಳು. ಹೊರಗೆ ನಿಂತಿದ್ದ ಅವನ ಅಪ್ಪ ಅಳು ಕೇಳಿದ ಕೂಡಲೇ ಚಪ್ಪಲಿ ಅಲ್ಲೇ ಬಿಟ್ಟು ಪೇಡೆ ತರಲು ಬರಿಗಾಲಲ್ಲಿ ಓಡಿದ್ದ. ಅಭಿಜಿತ್ ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ವಾಸು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

ಆಮೇಲೆ ಅಭಿಜಿತ್ ಹೇಳಿದ: "ನಾಳೆ ಹೆಲೆನ್‌ಗೆ ಎಲ್ಲ ಹೇಳ್ತೀನಿ."

"ಹುಚ್ಚ ಹಿಡದೈತೇನು ನಿನಗ?" ವಾಸು ಒಳಗೆ ಬಂದ. "ಪಾಸ್‌ಪೋರ್ಟಿನ್ಯಾಗ ಏನೈತೋ ಅದ ಖರೆ. ನಾವ್ ನಾಕ ಮಂದಿ ಬಿಟ್ರ ಈ ಜಗತ್ತಿನ್ಯಾಗ ಯಾರಿಗ್ಗೊತ್ತು? ಇಲ್ಲಿನ ಸರ್ಕಾರಕ್ಕ, ಹೋಮ್ ಆಫೀಸಿಗೆ ಗೊತ್ತಾದ್ರ ಏನಾಕ್ಕೈತಿ ಅನ್ನೂದರ ವಿಚಾರ ಮಾಡೀಯೇನು? ಅದ ತಾರೀಖಿನ ಮ್ಯಾಲ ನಿನಗ ಸಿಟಿಜನ್‌ಶಿಪ್ ಸಿಕ್ಕೈತಿ. ಹದಿನಾಕು ವರ್ಷದ ಬದುಕೋ!"

"ಒಪ್ಪಂದದ ಕೊನೆಯಲ್ಲಿ, ಮೇಲೆ ಬರೆದಿದ್ದೆಲ್ಲ ಸತ್ಯ ಅಂತ ನಾನು ಸಹಿ ಮಾಡಬೇಕು. ಇವತ್ತು ಮುಂಜಾನೆ ಆಗಿದ್ದರೆ ಗೊತ್ತಿಲ್ಲದೆ ಮಾಡ್ತಿದ್ದೆ. ಈಗ ಗೊತ್ತಿದೆ."

"ಒಂದ ಸಹಿ..."

"ಅವತ್ತು ನೀನೂ ಒಂದು ಸಹಿ ಮಾಡಿದ್ದೆ, ಅಪ್ಪ."

ಮಗ ಎಂದೂ ವಾಸುವಿಗೆ ಹೀಗೆ ಎದುರಾಡಿರಲಿಲ್ಲ. ಅವನು ಶೋಭಾಳ ಕಡೆ ನೋಡಿದ. ಮಗನಿಗೆ ಬುದ್ಧಿ ಹೇಳು ಎಂಬಂತಿತ್ತು ಆ ನೋಟ.

"ಹೇಳ್ಲಿ," ಎಂದಳು ಶೋಭಾ. "ಏನ್ ಬರ್ತೈತೋ ಬರ್ಲಿ. ಈ ಸಲ ಅವನ ತಾರೀಖು ಅವನ ಹೇಳ್ಲಿ."

ಭಾನುವಾರ ಅಭಿಜಿತ್ ಫೋನಿನಲ್ಲಿ ಹೆಲೆನ್‌ಗೆ ಎಲ್ಲ ಹೇಳಿದ. "ಇದನ್ನು ನನಗೆ ಹೇಳದೆ ಇದ್ದಿದ್ದರೆ..." ಎಂದು ಶುರುಮಾಡಿದವಳು ಆ ಮಾತನ್ನು ಮುಗಿಸಲಿಲ್ಲ. "ಕೇಳಿದ ಮೇಲೆ ಕೇಳಿಲ್ಲ ಅನ್ನಲು ನನಗೆ ಆಗುವುದಿಲ್ಲ. ಕ್ಲಬ್ಬಿಗೆ ತಿಳಿಸುತ್ತೇನೆ."

ಕ್ಲಬ್ಬಿನ ವಕೀಲರ ಉತ್ತರ ಬುಧವಾರ ಬಂತು. ನಾಲ್ಕೇ ಸಾಲು. ಒಪ್ಪಂದವನ್ನು ಹಿಂದಕ್ಕೆ ಪಡೆಯಲಾಗಿದೆ. ಆಟಗಾರನನ್ನು ಈ ಜೂನ್‌ನ ಡ್ರಾಫ್ಟಿಗೆ ಸೇರಿದವನೆಂದು ಭಾವಿಸಲಾಗುವುದು. ಯಾವ ಭರವಸೆಯನ್ನೂ ಕೊಡಲಾಗದು. ಶೋಭಾ ಅದನ್ನು ಆಸ್ಪತ್ರೆಯ ಲಿಫ್ಟಿನಲ್ಲಿ ಓದಿದಳು. ಇಳಿಯಬೇಕಾದ ಮಹಡಿ ಬಂದು ಬಾಗಿಲು ತೆರೆದು ಮುಚ್ಚಿದರೂ ಅವಳು ಅಲ್ಲೇ ನಿಂತಿದ್ದಳು.

ಮೇ ತಿಂಗಳಲ್ಲಿ ವಾಸು ರಜೆ ಹಾಕಿ ವೆಂಬ್ಲಿಯ ವಕೀಲರೊಬ್ಬರ ಬಳಿ ಹೋದ. ಯಾರೂ ಅವನನ್ನು ಕಳಿಸಿರಲಿಲ್ಲ. ಸುಳ್ಳು ತಾರೀಖು ಬರೆಸಿದ್ದು ತಾನು, ಆಗ ಮಗನಿಗೆ ಐದು ವರ್ಷ, ಅವನಿಗೆ ಏನೂ ಗೊತ್ತಿರಲಿಲ್ಲ ಎಂದು ಪ್ರಮಾಣಪತ್ರ ಬರೆಸಿ ಹೋಮ್ ಆಫೀಸಿಗೆ ಕಳಿಸಿದ. ಧಾರವಾಡದ ಮನೆಯ ಟ್ರಂಕಿನಿಂದ ನರ್ಸಿಂಗ್ ಹೋಮಿನ ಹಳೆಯ ಚೀಟಿಯನ್ನು ಪಕ್ಕದ ಮನೆಯವರಿಂದ ತೆಗೆಸಿ ಫೋಟೋ ತರಿಸಿದ. ಹೋಮ್ ಆಫೀಸಿನಿಂದ ಪತ್ರ ತಲುಪಿದೆ ಎಂದು ಮಾತ್ರ ಉತ್ತರ ಬಂತು. ಅಂಚೆಯ ಡಬ್ಬ ಸದ್ದು ಮಾಡಿದಾಗಲೆಲ್ಲ ವಾಸು ಬೆಚ್ಚಿಬೀಳುತ್ತಿದ್ದ.

ಜೂನ್ ಕೊನೆಯಲ್ಲಿ ಡ್ರಾಫ್ಟ್ ಬಂತು. ಎರಡನೇ ದಿನ ಸಂಜೆ ನಾಲ್ವರೂ ಪರದೆಯ ಮುಂದೆ ಕುಳಿತರು. ಒಂದಾದ ಮೇಲೊಂದು ಹೆಸರು. ಐದನೇ ಸುತ್ತಿನಲ್ಲಿ ಅಭಿಜಿತ್‌ಗೆ ಒಪ್ಪಂದ ಕೊಟ್ಟಿದ್ದ ಅದೇ ಕ್ಲಬ್ಬಿನ ಸರದಿ ಬಂದಾಗ ವಾಸು ಹೆಂಡತಿಯ ಕೈ ಹಿಡಿದುಕೊಂಡ. ಅವರು ಫಿನ್‌ಲೆಂಡಿನ ರಕ್ಷಣಾ ಆಟಗಾರನೊಬ್ಬನ ಹೆಸರು ಕೂಗಿದರು. ಹಿಂದೆ ಮೂರು ವರ್ಷವೂ ಹೆಸರು ಬರದಿದ್ದಾಗ ಶೋಭಾಗೆ ಬೇಸರವಾಗಿತ್ತು. ಈ ಸಲ ಹಾಗಲ್ಲ, ಎದುರಿಗೇ ಯಾರೋ ದಡಕ್ಕನೆ ಬಾಗಿಲು ಮುಚ್ಚಿದಂತಾಯಿತು. ಏಳನೇ ಸುತ್ತು ಮುಗಿಯಿತು. ಅಭಿಜಿತ್‌ನ ಹೆಸರು ಬರಲಿಲ್ಲ.

ವಾಸು ಎದ್ದು ಬಾಲ್ಕನಿಗೆ ಹೋದ. ಅವನ ಬೆನ್ನು ಅಲುಗುತ್ತಿತ್ತು. ಶೋಭಾ ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಗಂಡ ಅತ್ತಿದ್ದನ್ನು ಕಂಡಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಅವಳು ನಿಂತಲ್ಲೇ ನಿಂತಳು. ಅಭಿಜಿತ್ ಹೋಗಿ ಅಪ್ಪನ ಪಕ್ಕ ನಿಂತ. ಇಬ್ಬರೂ ಏನು ಮಾತಾಡಿದರೋ ಅವಳಿಗೆ ಕೇಳಿಸಲಿಲ್ಲ.

ಮರುದಿನ ಹೆಲೆನ್ ಫೋನ್ ಮಾಡಿದಳು. ಈಗ ಅವನು ಯಾವ ಲೆಕ್ಕದಲ್ಲಿ ನೋಡಿದರೂ ಸ್ವತಂತ್ರ. ಆ ಕ್ಲಬ್ಬಿನಲ್ಲಿ ಜಾಗ ತುಂಬಿದೆ. ಇನ್ನೊಂದು ಕ್ಲಬ್ ಜುಲೈ ಶಿಬಿರಕ್ಕೆ ಬಂದು ಆಡಿ ತೋರಿಸು ಎನ್ನುತ್ತಿದೆ. ಒಪ್ಪಂದವಿಲ್ಲ, ಖಾತ್ರಿಯಿಲ್ಲ. ಅಭಿಜಿತ್ ಅರ್ಧ ನಿಮಿಷವೂ ಯೋಚಿಸಲಿಲ್ಲ.

ಶಿಬಿರದ ಆರನೆಯ ದಿನ ಮಧ್ಯಾಹ್ನ ಅವನ ವಿಡಿಯೋ ಕರೆ ಬಂತು. ಕೂದಲು ಒದ್ದೆಯಾಗಿತ್ತು, ಗದ್ದದ ಮೇಲೆ ಮೂರು ಹೊಲಿಗೆ. ದೊಡ್ಡ ಲೀಗಿನ ಒಪ್ಪಂದವಲ್ಲ ಎಂದು ಮೊದಲೇ ಹೇಳಿದ. ಅವರ ಕೆಳಗಿನ ತಂಡಕ್ಕೆ ಒಂದು ವರ್ಷ. ಚೆನ್ನಾಗಿ ಆಡಿದರೆ ಮುಂದಿನದು. ಸಹಿ ಮಾಡಿದ್ದ.

ನೀಲವ್ವ ಪರದೆಗೆ ಕೈಮುಗಿದರು. ಶೋಭಾ ನಕ್ಕಳು, ಕಣ್ಣು ಒರೆಸಿಕೊಂಡಳು, ಹೊಲಿಗೆ ಯಾರು ಹಾಕಿದರೆಂದು ಕೇಳಿದಳು.

ವಾಸು ತುಸು ಹಿಂದೆ ನಿಂತಿದ್ದ. "ತಾರೀಖು ಕೇಳಿದ್ರೇನೋ?" ಎಂದ ಮೆಲ್ಲಗೆ.

"ಕೇಳಿದ್ರು," ಅಭಿಜಿತ್ ಈ ಸಲ ಕನ್ನಡದಲ್ಲೇ ಹೇಳಿದ. "ಪಾಸ್‌ಪೋರ್ಟಿಂದು ಬರದೆ. ಖರೇದೂ ಬರದೆ. ನಿನ್ನ ಪ್ರಮಾಣಪತ್ರ ಹಚ್ಚಿದೆ. ಅವ್ರು ಓದಿದ್ರು, ಆಮ್ಯಾಲ ಪೆನ್ ಕೊಟ್ರು."

ವಾಸು ತಲೆಯಾಡಿಸಿದ. ಅಲ್ಲಿ ಚಳಿ ಹೇಗಿದೆ ಎಂದು ಕೇಳಿದ. ಜುಲೈ ತಿಂಗಳು, ಅಲ್ಲಿ ಸುಡುಬಿಸಿಲು ಎಂದು ಮಗ ನಕ್ಕ.