ಅಕ್ಕನ ಕೋಣೆಯಲ್ಲಿ ಉಪ್ಪಿಲ್ಲ

ನಮ್ಮಕ್ಕನ ನಾಲಿಗೆಗೆ ಕಾರ್ಖಾನೆಯಲ್ಲಿ ಎಲ್ಲರೂ ಹೆದರುತ್ತಾರೆ. ಬೈಗುಳಕ್ಕಲ್ಲ, ಅವಳು ಬೈಯುವುದೇ ಕಡಿಮೆ. ಹೆದರುವುದು ಒಂದೇ ಒಂದು ಮಾತಿಗೆ: "ಮಣ್ಣು."

ನಮ್ಮ ಕಡೆ ಕೊಳಗಳಲ್ಲಿ ಸಾಕುವುದು ತಿಲಾಪಿಯಾ ಮೀನು. ಕಾರ್ಖಾನೆಯವರು ಅದರ ಮುಳ್ಳು ತೆಗೆದು, ಅಂಗೈಯಗಲದ ಬಿಳಿ ತುಂಡು ಮಾಡಿ, ಮಂಜುಗಟ್ಟಿಸಿ ಹಡಗು ಹತ್ತಿಸುತ್ತಾರೆ. ನಾನು ಚಿಕ್ಕವನಿದ್ದಾಗ ಈ ಮೀನನ್ನು ಕೇಳುವವರೇ ಇರಲಿಲ್ಲ. ಈಗ ನಾನು ಹೆಸರೂ ಕೇಳದ ದೇಶಗಳ ಅಂಗಡಿಗಳಲ್ಲಿ ಪೊಟ್ಟಣವಾಗಿ ಕೂತಿದೆ. ಮೀನಿನ ವಾಸನೆ ಆಗದವರೂ ಇದನ್ನು ತಿನ್ನುತ್ತಾರಂತೆ, ಏಕೆಂದರೆ ಇದಕ್ಕೆ ವಾಸನೆಯೇ ಇಲ್ಲ. ಬಡಪಾಯಿ ಮೀನು ಗೆದ್ದದ್ದು ಅದರಿಂದಲೇ. ಆದರೆ ಕೊಳದಲ್ಲಿ ಒಂದು ಬಗೆಯ ಪಾಚಿ ಹೆಚ್ಚಾದರೆ ಮಾಂಸಕ್ಕೆ ಹಸಿಮಣ್ಣಿನ ವಾಸನೆ ಹತ್ತುತ್ತದೆ. ತಿಂದವರು ಯಾರೂ ಸಾಯುವುದಿಲ್ಲ, ಮತ್ತೆ ಕೊಳ್ಳುವುದೂ ಇಲ್ಲ.

ಅದಕ್ಕೇ ಅಕ್ಕ ಇರುವುದು. ಕೊಳಕ್ಕೆ ಬಲೆ ಹಾಕುವ ಮುಂಚೆ ಸಾಕಿದವನು ಒಂದು ಜೀವಂತ ಮೀನನ್ನು ಡ್ರಮ್ಮಿನಲ್ಲಿ ತಂದು ಅವಳ ಬಾಗಿಲಲ್ಲಿಡಬೇಕು. ಅವಳೇ ಕೊಯ್ದು, ಬಾಲದ ಕಡೆಯ ತುಂಡನ್ನು ಮುಚ್ಚಳದ ಬಟ್ಟಲಲ್ಲಿ ಹಬೆಗಿಡುತ್ತಾಳೆ. ಎಣ್ಣೆಯಿಲ್ಲ, ಉಪ್ಪಿಲ್ಲ. ಬೆಂದ ಮೇಲೆ ಮುಚ್ಚಳ ಚೂರೇ ಎತ್ತಿ ಮೂಸುತ್ತಾಳೆ. ಒಂದು ತುಣುಕು ಅಗಿದು ಬಕೆಟ್ಟಿಗೆ ಉಗಿಯುತ್ತಾಳೆ. ನುಂಗುವುದೇ ಇಲ್ಲ. ಉಪ್ಪಿಗಿಂತ ರುಚಿಯಿಲ್ಲ ಎಂದ ಗಾದೆಗೆ ಆ ಕೋಣೆಯಲ್ಲಿ ಪ್ರವೇಶವಿಲ್ಲ.

"ಉಪ್ಪು ದೊಡ್ಡ ಸುಳ್ಳುಗಾರ ಕಣೋ," ಅನ್ನುತ್ತಾಳೆ. "ಎಲ್ಲಾನೂ ಚೆನ್ನಾಗಿದೆ ಅನ್ನಿಸಿಬಿಡುತ್ತೆ."

ಜನ ಅವಳಿಗಿಟ್ಟ ಹೆಸರು ಮಣ್ಣಕ್ಕ. ಎದುರಿಗೆ ಕರೆಯುವ ಗಂಡೆದೆ ಮಾತ್ರ ಇನ್ನೂ ಯಾರಿಗೂ ಬಂದಿಲ್ಲ.

ನಾನು ಅದೇ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಮೀನು ಕೊಯ್ದವನು. ಕಂಡವರ ಮೀನು ಕೊಯ್ದದ್ದು ಸಾಕು, ನನ್ನದೂ ಒಮ್ಮೆ ಹಡಗು ಹತ್ತಲಿ ಎಂದು ಹಟಕ್ಕೆ ಬಿದ್ದು ಒಂದು ಕೊಳ ತೋಡಿಸಿದೆ. ಮೊದಲ ಬೆಳೆ ಕೈಗೆ ಬರುವ ಹೊತ್ತಿಗೆ ಸುದ್ದಿ ಬಂತು: ಹೊಸ ದೇಶದಿಂದ ಕೊಳ್ಳುವವರು ಬರುತ್ತಾರೆ, ಅವರ ಮೊದಲ ಕಂಟೇನರಿಗೆ ಯಾರ ಮೀನು ಸೇರುತ್ತದೋ ಅವರಿಗೆ ವರ್ಷವಿಡೀ ಆರ್ಡರು. ಸೇರದಿದ್ದರೆ ಕೊಳ ಬಿಟ್ಟು ಮತ್ತೆ ಕೊಯ್ಯುವ ಮೇಜಿಗೆ ಹೋಗಿ ನಿಲ್ಲಬೇಕು.

ನೀರು ಯಾಕೋ ವಿಪರೀತ ಹಸಿರಾಗಿತ್ತು. ಒಂದು ಮೀನು ಬೇಯಿಸಿ ತಿಂದು ನೋಡಿದೆ. ಏನೂ ತಿಳಿಯಲಿಲ್ಲ. ನನ್ನ ನಾಲಿಗೆ ನನ್ನ ಪಕ್ಷದ್ದು, ಅದು ಏನು ಸಾಕ್ಷಿ ಹೇಳೀತು? ಅದಕ್ಕೆ ಒಂದು ಉಪಾಯ ಮಾಡಿದೆ. ಶುದ್ಧ ನೀರಿನಲ್ಲಿ ಮೇವಿಲ್ಲದೆ ಹನ್ನೆರಡು ದಿನ ಬಿಟ್ಟರೆ ಮೀನಿನ ಮಣ್ಣುವಾಸನೆ ತೊಳೆದುಹೋಗುತ್ತದೆ. ಪಂಪಿನ ಮನೆಯ ಹಿಂದಿನ ತೊಟ್ಟಿಯಲ್ಲಿ ಆರು ಮೀನು ಬಿಟ್ಟು, ಹದಿಮೂರನೆಯ ದಿನ ಅದರಲ್ಲೊಂದನ್ನು ಅಕ್ಕನ ಡ್ರಮ್ಮಿಗೆ ಹಾಕಿದೆ.

ಅದೇ ದಿನ ಕೊಳ್ಳುವವರ ಕಡೆಯಿಂದ ಬಂದಾಕೆ ಎತ್ತರದ ಹೆಂಗಸು, ಕೈಯಲ್ಲೊಂದು ಪುಸ್ತಕ. ನಮ್ಮ ಮಾತು ಆಕೆಗೆ ಬಾರದು, ಕಾರ್ಖಾನೆಯ ಮ್ಯಾನೇಜರೇ ಆಕೆಗೆ ಬಾಯಿ. ಮೊದಲು ಕೊಳ ತೋರಿಸಿದೆ. ಒಂದು ಬೊಗಸೆ ಮೇವು ಎರಚಿದ್ದೇ ತಡ, ನೀರು ಕೊತಕೊತ ಕುದಿಯಿತು. ಆಕೆ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದಳು. ನಾನು ಎದೆಯುಬ್ಬಿಸಿಕೊಂಡು ಎಲ್ಲರನ್ನೂ ಅಕ್ಕನ ಕೋಣೆಗೆ ಕರೆದುಕೊಂಡು ಹೋದೆ.

ಅಕ್ಕ ಮೀನು ಕೊಯ್ದಳು. ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಎಂದಿನಂತೆ ಬೇಯಿಸಿದಳು, ಮೂಸಿದಳು, ಅಗಿದಳು, ಉಗಿದಳು. ಬಂದಾಕೆಯೂ ತಿಂದು ತಲೆದೂಗಿದಳು.

"ಬೆಳಿಗ್ಗೆ ಮೇವು ಹಾಕಿದ್ಯೇನೋ?" ಅಕ್ಕ ಕೇಳಿದಳು.

"ಹಾಕಿದ್ನಲ್ಲಕ್ಕಾ, ಇವರೇ ನೋಡಿದ್ರು. ದಿನಾ ಹೊಟ್ಟೆತುಂಬ ಹಾಕ್ತೀನಿ."

"ಮತ್ತೆ ಇದೊಂದು ಯಾಕೆ ಉಪವಾಸ ಇತ್ತು?"

ಮೀನಿನ ಹೊಟ್ಟೆಯಿಂದ ತೆಗೆದದ್ದಿದ್ದ ತಟ್ಟೆಯನ್ನು ನನ್ನ ಕಡೆ ತಿರುಗಿಸಿದಳು. ಕರುಳು ನೂಲಿನಂತೆ ತೆಳ್ಳಗೆ, ಖಾಲಿ. ಪಿತ್ತದ ಚೀಲ ಊದಿಕೊಂಡು ಕಡುಹಸಿರಾಗಿತ್ತು.

"ಇದು ಒಂದೆರಡು ದಿನದ್ದಲ್ಲ. ಹತ್ತು ಹನ್ನೆರಡು ದಿನದ ಹಸಿವು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಡ್ರಮ್ಮಿನ ಕಡೆ ನೋಡಿದೆ. ಅಷ್ಟೇ ಸಾಕಾಯಿತು. ಅಕ್ಕ ಮೂಲೆಯ ಬೀಸುಬಲೆ ತೆಗೆದುಕೊಂಡು ಹೊರಟಳು. ನಾವು ಮೂವರೂ ಅವಳ ಹಿಂದೆ ಓಡಿದೆವು. ಮೊಣಕಾಲವರೆಗೆ ಕೊಳಕ್ಕಿಳಿದು ಒಂದೇ ಎಸೆತಕ್ಕೆ ಮೀನು ಹಿಡಿದಳು. ನಲವತ್ತೈದು ದಾಟಿದ ಹೆಂಗಸು! ನಾಚಿಕೆಯಲ್ಲಿ ಸಾಯುತ್ತಿದ್ದರೂ ಆ ಎಸೆತವನ್ನು ಮೆಚ್ಚದೆ ಇರಲು ನನ್ನಿಂದ ಆಗಲಿಲ್ಲ.

ಕೋಣೆಗೆ ಮರಳಿ ಬೇಯಿಸಿದ ಈ ಮೀನನ್ನು ಬಂದಾಕೆಯೇ ಮೊದಲು ತಿಂದಳು. "ಇದೂ ಚೆನ್ನಾಗಿದೆ ಅಂತಿದ್ದಾರೆ," ಮ್ಯಾನೇಜರ ದನಿಯಲ್ಲಿ ಆಸೆ ಜಿನುಗುತ್ತಿತ್ತು. ಅಕ್ಕ ಬಟ್ಟಲನ್ನು ಎಂದಿಗಿಂತ ಹೆಚ್ಚು ಹೊತ್ತು ಮೂಗಿನ ಹತ್ತಿರ ಹಿಡಿದಳು. ನನ್ನ ಮುಖ ನೋಡಿದಳು. ಅಮ್ಮ ಹೋದಾಗ ನನಗೆ ನಾಲ್ಕು, ಅವಳಿಗೆ ಹದಿನೈದು. ಬಿಸಿಯಿದೆಯೋ ಏನೋ ಎಂದು ಪ್ರತಿ ತುತ್ತನ್ನೂ ಮೊದಲು ತನ್ನ ತುಟಿಗೆ ಮುಟ್ಟಿಸಿ ನನಗೆ ತಿನ್ನಿಸಿದವಳು. ಆ ಬಾಯಿ ನನಗೆ ಕೆಟ್ಟದ್ದು ನುಡಿಯಲಾರದು ಅಂದುಕೊಂಡೆ.

"ಮಣ್ಣು," ಅಂದಳು.

ತಲೆಗೆ ರಕ್ತ ಏರಿತು. "ಕೊಳ್ಳೋರೇ ಚೆನ್ನಾಗಿದೆ ಅಂದಮೇಲೆ ನಿಂದೇನಕ್ಕಾ ನಡುವೆ?"

"ಅವರು ಬೆಳಿಗ್ಗೆಯಿಂದ ಅಲೆದು ಹಸಿದಿದ್ದಾರೆ ಕಣೋ. ಅವರೂರಲ್ಲಿ ತಿನ್ನೋರು ಹಸಿದಿರಲ್ಲ. ಚೂರೇ ಚೂರು ಇದೆ. ಆದ್ರೂ ಮಣ್ಣು ಮಣ್ಣೇ."

"ಒಡಹುಟ್ಟಿದವಳ ಹಾಗೆ ಮಾಡ್ಲಿಲ್ಲ ನೀನು," ಎಂದು ಡ್ರಮ್ಮಿಗೊಂದು ಒದ್ದು ಹೊರಬಂದೆ. ಕಾಲಿಗೇ ಪೆಟ್ಟಾಯಿತು. ಬಂದಾಕೆ ಮ್ಯಾನೇಜರನ್ನು ಏನೋ ಕೇಳಿ, ನಮ್ಮಿಬ್ಬರನ್ನೂ ಬೆರಗಾಗಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡಳು.

ಸಂಜೆ ಮ್ಯಾನೇಜರು ಪಂಪಿನ ಮನೆಗೆ ಬಂದರು. "ಆರ್ಡರ್ ಎರಡರಷ್ಟು ಕೊಟ್ಟು ಹೋದ್ರಪ್ಪಾ. ತಮ್ಮನ ಮೀನಿಗೇ ಮಣ್ಣು ಅನ್ನೋಳು ಪಾಸು ಮಾಡಿದ್ದನ್ನ ಕಣ್ಮುಚ್ಚಿ ಕೊಳ್ತಾರಂತೆ."

"ನನ್ನ ಕೊಳ?"

"ಕಂಟೇನರ್ ಹೊರಡೋಕೆ ಎರಡು ವಾರ ಇದೆ. ಅಷ್ಟರಲ್ಲಿ ನಿಮ್ಮಕ್ಕ ಸರಿ ಅಂದ್ರೆ ಸರಿ."

ಅರ್ಧ ನೀರು ಬಸಿದು ಕೊಳವೆಬಾವಿಯ ನೀರು ಹರಿಸಿದೆ. ಮೇವು ನಿಲ್ಲಿಸಿದೆ. ನನ್ನ ಹೆಜ್ಜೆಯ ಸದ್ದಿಗೆ ಮೀನುಗಳು ದಡಕ್ಕೆ ಬಂದು ಬಾಯಿ ತೆರೆಯುತ್ತಿದ್ದವು. ಅಕ್ಕನ ಜೊತೆ ಮಾತು ಬಿಟ್ಟಿದ್ದೆ. ಅವಳು ಮಾತ್ರ ಕೆಲಸಕ್ಕೆ ಹೋಗುವ ಮುಂಚೆ ದಿನವೂ ಬಂದು ದಡದಲ್ಲಿ ನಿಲ್ಲುತ್ತಿದ್ದಳು. ಮೂರನೆಯ ದಿನ ಪಂಪಿನ ಕಡೆ ಮುಖಮಾಡಿ ಹೇಳಿದಳು: "ಗಾಳಿ ಪಾಚೀನ ಆ ಮೂಲೆಗೆ ತಳ್ಳಿದೆ. ನೀರು ಅಲ್ಲಿಂದ ಬಸಿದರೆ ಬೇಗ ಹೋಗುತ್ತೆ." ಪಂಪಿಗೆ ಕಿವಿಯಿಲ್ಲವಾದ್ದರಿಂದ ನಾನೇ ಕೇಳಿಸಿಕೊಂಡು ಹಾಗೇ ಮಾಡಿದೆ.

ಹದಿಮೂರನೆಯ ಬೆಳಿಗ್ಗೆ ಬಲೆ ಹಿಡಿದು ಅವಳೇ ಬಂದಳು. ಅವಳೇ ಹಿಡಿದ ಮೀನು, ಅವಳೇ ಹೊತ್ತ ಡ್ರಮ್ಮು. ನಾನು ಕೋಣೆಯ ಹೊಸ್ತಿಲಲ್ಲಿ ನಿಂತೆ. ಮುಚ್ಚಳ ಎತ್ತಿದಳು, ಮೂಸಿದಳು, ಒಂದು ತುಣುಕು ಬಾಯಿಗಿಟ್ಟಳು. ನಾನು ಉಗಿಯುವ ಬಕೆಟ್ಟನ್ನೇ ನೋಡುತ್ತಿದ್ದೆ. ಅದರಲ್ಲಿ ಏನೂ ಬೀಳಲಿಲ್ಲ. ತಲೆಯೆತ್ತಿದರೆ ಅಕ್ಕ ಎರಡನೆಯ ತುಣುಕಿಗೆ ಕೈಹಾಕಿದ್ದಳು. ಅದನ್ನೂ ನುಂಗಿದಳು.

"ಅಕ್ಕಾ?" ಹದಿಮೂರು ದಿನದಲ್ಲಿ ಅವಳೊಡನೆ ನಾನಾಡಿದ ಮೊದಲ ಮಾತು.

"ಕಂಬದ ಹಾಗೆ ನಿಂತು ಏನ್ ನೋಡ್ತೀಯ?" ಅಂದಳು, ಬಟ್ಟಲಿನಿಂದ ಕಣ್ಣೆತ್ತದೆ. "ಹೋಗು, ಕ್ಯಾಂಟೀನಿಂದ ಒಂದು ಚಿಟಿಕೆ ಉಪ್ಪು ತಗೊಂಡು ಬಾ."

ನಾನು ಓಡಿದೆ.